ಬರೆದು ಬಿಟ್ಟರೆ ದುಡ್ಡು ಬರ್ತದಾ? ಪ್ಯಾಸಿವ್ ಇನ್‌ಕಮ್‌ನ ಒಂದು ಲೆಕ್ಕ

ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಾವೆಲ್ಲ ಓದಿದ್ದೇವೆ: ರೆಸಿಸ್ಟರ್, ಕೆಪಾಸಿಟರ್, ಇಂಡಕ್ಟರ್ ಇವು ಪ್ಯಾಸಿವ್ ಕಾಂಪೊನೆಂಟ್‌ಗಳು. ತಾವಾಗಿ ಪವರ್ ಹುಟ್ಟಿಸುವುದಿಲ್ಲ. ಕೆಪಾಸಿಟರ್ ಕೊಡುವುದು ನಾವು ಮೊದಲು ತುಂಬಿದ ಚಾರ್ಜನ್ನೇ, ಅದರಲ್ಲೂ ಸ್ವಲ್ಪ ಲೀಕ್ ಆಗಿರುತ್ತದೆ. 'ಪ್ಯಾಸಿವ್ ಇನ್‌ಕಮ್' ಅನ್ನೋ ಮಾತನ್ನೂ ಹೀಗೇ ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

"ಆರ್ಟಿಕಲ್ ಬರೀರಿ, ಮಲಗಿದ್ದಾಗಲೂ ದುಡ್ಡು ಬರ್ತದ" ಅನ್ನೋ ರೀಲ್ಸ್ ನಮ್ಮೆಲ್ಲರ ಫೋನಿನಲ್ಲೂ ಬರುತ್ತವೆ. ಮಾನ್ವಿ, ದೇವದುರ್ಗದಿಂದ ದಿನಾ ಬಸ್ಸಿನಲ್ಲಿ ರಾಯಚೂರಿಗೆ ಬರುವವರಿಗೆ, ರೂಮ್ ಬಾಡಿಗೆ ಕಟ್ಟಿ ಓದುವವರಿಗೆ, ತಿಂಗಳಿಗೆ ಎರಡು ಸಾವಿರ ಬಂದರೂ ಅದು ದೊಡ್ಡ ವಿಷಯವೇ. ಅದಕ್ಕೇ ಈ ವಿಷಯವನ್ನ ಸರಿಯಾಗಿ ಲೆಕ್ಕ ಹಾಕಿ ನೋಡೋಣ.

ದುಡ್ಡು ಎಲ್ಲಿಂದ ಬರುತ್ತದೆ?

ಮೊದಲನೆಯದು ಜಾಹೀರಾತು. ನಮ್ಮ ಬ್ಲಾಗ್ ಅಥವಾ ವೆಬ್‌ಸೈಟ್‌ನಲ್ಲಿ ಗೂಗಲ್ ಆಡ್‌ಸೆನ್ಸ್ ಜಾಹೀರಾತು ತೋರಿಸುತ್ತದೆ, ಅದರಿಂದ ಬಂದ ಹಣದ ಒಂದು ಪಾಲು ನಮಗೆ. ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಎರಡನೆಯದು ಓದುಗರೇ ಕೊಡುವ ಹಣ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಕನ್ನಡ ಕಥೆ, ಧಾರಾವಾಹಿ ಬರೆಯುವವರಿಗೆ ಓದುಗರ ಚಂದಾ ಹಣದಲ್ಲಿ ಪಾಲಿದೆ. ಮೂರನೆಯದು ಇ-ಬುಕ್ ರಾಯಲ್ಟಿ. ಮೈಲ್ಯಾಂಗ್‌ನಂಥ ಆಪ್‌ಗಳು ಕನ್ನಡದ ಡಿಜಿಟಲ್ ಪುಸ್ತಕ ಮಾರುತ್ತವೆ.

ಇನ್ನೊಬ್ಬರ ಸೈಟಿಗೆ ಪದಕ್ಕಿಷ್ಟು ಅಂತ ಬರೆದುಕೊಡುವ ಫ್ರೀಲ್ಯಾನ್ಸ್ ಕೆಲಸ ಈ ಪಟ್ಟಿಗೆ ಸೇರುವುದಿಲ್ಲ. ಅದು ಕೂಲಿ. ಕೂಲಿಯಲ್ಲಿ ತಪ್ಪೇನಿಲ್ಲ, ದುಡ್ಡು ಬೇಗನೂ ಬರುತ್ತದೆ. ಆದರೆ ಬರೆಯೋದು ನಿಲ್ಲಿಸಿದ ದಿನ ಬರೋದೂ ನಿಲ್ಲುತ್ತದೆ.

ಲೆಕ್ಕ

ಆಡ್‌ಸೆನ್ಸ್‌ನಲ್ಲಿ ನಮ್ಮ ಖಾತೆಗೆ 100 ಡಾಲರ್ ತುಂಬುವ ತನಕ ಹಣ ಕೈಗೆ ಬರುವುದಿಲ್ಲ. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ ಅದು 8,500 ರೂಪಾಯಿ. ಸಾವಿರ ವ್ಯೂಸ್‌ಗೆ 40 ರೂಪಾಯಿ ಸಿಗುತ್ತದೆ ಅಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಇಟ್ಟ ಅಂಕಿ ಅಷ್ಟೇ, ವಿಷಯ ಮತ್ತು ಭಾಷೆ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಆಗ ಮೊದಲ ಪೇಮೆಂಟ್‌ಗೆ ಬೇಕಾದದ್ದು 2,12,500 ವ್ಯೂಸ್.

ನಾವು 50 ಲೇಖನ ಬರೆದಿದ್ದೇವೆ, ಪ್ರತಿಯೊಂದನ್ನೂ ದಿನಕ್ಕೆ 10 ಜನ ಓದುತ್ತಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ 500 ವ್ಯೂಸ್. ಭಾಗಿಸಿದರೆ 425 ದಿನ, ಅಂದರೆ ಹದಿನಾಲ್ಕು ತಿಂಗಳು. ಒಂದು ಲೇಖನಕ್ಕೆ 4 ಗಂಟೆ ಅಂದರೆ ಒಟ್ಟು 200 ಗಂಟೆ ಕೆಲಸ. ಮೊದಲ 8,500 ರೂಪಾಯಿ ಗಂಟೆಗೆ 42 ರೂಪಾಯಿ ಚಿಲ್ಲರೆ ಬಿತ್ತು. ಈ ಸೆಮಿಸ್ಟರ್ ಫೀಸ್ ಕಟ್ಟಬೇಕು ಅನ್ನೋರಿಗೆ ಇದು ದಾರಿಯಲ್ಲ. ಅವರು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಹೇಳೋದೇ ವಾಸಿ.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲ್ಲ. ವ್ಯೂಸ್ ಹಾಗೇ ಉಳಿದರೆ ಎರಡನೇ 8,500 ರೂಪಾಯಿಗೆ ಹೊಸದಾಗಿ 200 ಗಂಟೆ ಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ತಿದ್ದಿದರೆ ಸಾಕು. ಪ್ಯಾಸಿವ್ ಅನ್ನೋದು ನಿಜವಾಗಿ ಶುರುವಾಗೋದು ಅಲ್ಲಿಂದ.

ಕನ್ನಡದಲ್ಲಿ ಬರೆದರೆ?

ಇಲ್ಲಿ ನಮ್ಮ ಭಾಷೆ ಸ್ವಲ್ಪ ತಡವಾಗಿ ಬಸ್ ಹತ್ತಿದೆ. ಆಡ್‌ಸೆನ್ಸ್‌ಗೆ ಹಿಂದಿ ಬಂದದ್ದು 2014ರಲ್ಲಿ, ತಮಿಳು 2018ರಲ್ಲಿ. ಕನ್ನಡ ಆ ಪಟ್ಟಿಗೆ ಸೇರಿದ್ದು ಅವುಗಳ ನಂತರ. ಅಮೆಜಾನ್ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಅದರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ.

ಇನ್ನೊಂದು ತೊಂದರೆ ಫಾಂಟ್‌ದು. ಡಿಟಿಪಿ ಅಂಗಡಿಗಳಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನ ಹಾಗೇ ಹಾಕಿದರೆ ಸರ್ಚ್ ಎಂಜಿನ್‌ಗೆ ಅದು ಕನ್ನಡ ಅಂತಲೇ ಗೊತ್ತಾಗಲ್ಲ, ಅದರ ಪಾಲಿಗೆ ಅದು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಇದ್ದರೆ ಮಾತ್ರ ಹುಡುಕಿದವರಿಗೆ ಸಿಗುತ್ತದೆ. ಫೋನಿನ ಕೀಬೋರ್ಡ್‌ನಲ್ಲಿ ಟೈಪ್ ಮಾಡೋದೆಲ್ಲ ಯೂನಿಕೋಡೇ, ಅಲ್ಲಿ ಚಿಂತೆ ಇಲ್ಲ.

ಲಾಭವೂ ಇದೆ. ಇಂಗ್ಲಿಷ್‌ನಲ್ಲಿ 'ಟಾಪ್ ಟೆನ್ ಲ್ಯಾಪ್‌ಟಾಪ್ಸ್' ಬರೆದರೆ ಇಡೀ ಜಗತ್ತಿನ ಜೊತೆ ಸ್ಪರ್ಧೆ. ನಮ್ಮ ಕಡೆಯವರು ಕನ್ನಡದಲ್ಲಿ ಕೇಳುವ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರೆದವರು ತುಂಬಾ ಕಡಿಮೆ.

ಹಾಗಾದರೆ ಏನು ಬರೆಯೋದು?

371ಜೆ ತಗೊಳ್ಳಿ. 2013ರಲ್ಲಿ ಜಾರಿಗೆ ಬಂದ ಈ ವಿಧಿಯಿಂದ ನಮ್ಮ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಇದೆ. ಪ್ರಮಾಣಪತ್ರಕ್ಕೆ ಏನೇನು ಕಾಗದ ಬೇಕು ಅಂತ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಸೇರುವ ಹುಡುಗಿ ಪ್ರತಿ ವರ್ಷವೂ ಹುಡುಕುತ್ತಾಳೆ. ದೇವದುರ್ಗದ ಹತ್ತಿ ಬೆಳೆಗಾರ ಗುಲಾಬಿ ಕಾಯಿಹುಳುವಿನ ಬಗ್ಗೆ ಕೇಳುತ್ತಾನೆ. ಮಾನ್ವಿಯ ಭತ್ತದ ರೈತನಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ವಿಷಯ ಬೇಕು. ಇಂಥದ್ದಕ್ಕೆ ನಮ್ಮೂರಲ್ಲೇ ಇರುವ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನ ಕೇಳಿ ಬರೀಬೇಕು, ಊಹೆ ಮಾಡಿ ಔಷಧಿ ಹೆಸರು ಹಾಕಬಾರದು. ನಮ್ಮ ತಪ್ಪಿಗೆ ಅವರ ಬೆಳೆ ಹೋಗುತ್ತದೆ.

ಹಳೆಯದಾಗದ ವಿಷಯಗಳೂ ಇವೆ. ಅಶೋಕನ ಹೆಸರೇ ಇರುವ ಮಸ್ಕಿ ಶಾಸನವನ್ನ 1915ರಲ್ಲಿ ಕಂಡುಹಿಡಿದದ್ದು ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್. ಮಾನ್ವಿಯ ಜಗನ್ನಾಥದಾಸರು, ಶಕ್ತಿನಗರದ ವಿದ್ಯುತ್ ಕೇಂದ್ರ, ಹಟ್ಟಿ ಚಿನ್ನದ ಗಣಿ ಇವೆಲ್ಲದರ ಬಗ್ಗೆ ಇವತ್ತು ಚೆನ್ನಾಗಿ ಬರೆದದ್ದನ್ನ ಐದು ವರ್ಷದ ಮೇಲೂ ಜನ ಓದುತ್ತಾರೆ. ಅದೇ ರಿಸಲ್ಟ್ ಡೇಟ್ ಬಗ್ಗೆ ಬರೆದದ್ದು ಮೂರು ದಿನಕ್ಕೆ ಸತ್ತುಹೋಗುತ್ತದೆ.

ಲೀಕೇಜ್

ಚಾರ್ಜ್ ಸೋರುವ ದಾರಿಗಳೂ ಗೊತ್ತಿರಲಿ. ಎಐ ಟೂಲ್‌ನಿಂದ ದಿನಕ್ಕೆ ನೂರು ಲೇಖನ ತೆಗೆದು ಸುರಿಯುವ ಸೈಟುಗಳನ್ನ ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಅಂತ ಹಿಡಿಯುತ್ತಿದೆ. ಅದೇ ವರ್ಷ ಭಾರತದಲ್ಲೂ ಎಐ ಓವರ್‌ವ್ಯೂ ಬಂತು. ಉತ್ತರ ಸರ್ಚ್ ಪುಟದಲ್ಲೇ ಸಿಕ್ಕರೆ ನಮ್ಮ ಲಿಂಕ್ ಯಾಕೆ ಒತ್ತುತ್ತಾರೆ? ಹಾಗಾಗಿ ಎಲ್ಲ ಕಡೆ ಸಿಗುವ ಮಾಹಿತಿಯನ್ನೇ ಮತ್ತೆ ಬರೆದರೆ ಉಳಿಗಾಲ ಇಲ್ಲ. ನಾವೇ ಹೋಗಿ ನೋಡಿ, ಕೇಳಿ, ಫೋಟೋ ತೆಗೆದು ಬರೆದದ್ದಕ್ಕೆ ಬೆಲೆ ಉಳಿಯುತ್ತದೆ.

ಕಾಗದ ಪತ್ರ

ಆಡ್‌ಸೆನ್ಸ್ ಖಾತೆಗೆ 18 ತುಂಬಿರಬೇಕು. 10 ಡಾಲರ್ ಆದಾಗ ಒಂದು ಪಿನ್ ಅಂಚೆಯಲ್ಲಿ ಬರುತ್ತದೆ, ರೂಮ್ ಬದಲಿಸುವವರು ಊರಿನ ವಿಳಾಸ ಕೊಡುವುದು ಒಳ್ಳೇದು. ಹಣ ವಿದೇಶದಿಂದ ಬರೋದರಿಂದ ಬ್ಯಾಂಕಿನ ಸ್ವಿಫ್ಟ್ ಕೋಡ್ ಬೇಕು. ಸಣ್ಣ ಶಾಖೆಗಳಿಗೆ ಅದು ಇರುವುದಿಲ್ಲ, ಯಾವ ಶಾಖೆಯದ್ದು ಹಾಕಬೇಕು ಅಂತ ಮ್ಯಾನೇಜರ್‌ನ ಕೇಳಿ. ಪ್ಯಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ.

ಕಾಪಿರೈಟ್ ಕೂಡ ಗೊತ್ತಿರಬೇಕು. 1957ರ ಕಾಯ್ದೆ ಪ್ರಕಾರ ನಮ್ಮ ಬರಹದ ಹಕ್ಕು ನಮ್ಮ ಜೀವಮಾನ ಮತ್ತು ನಂತರದ 60 ವರ್ಷ ಇರುತ್ತದೆ. ಯಾರಿಗಾದರೂ ಹಕ್ಕು ಬರೆದುಕೊಟ್ಟರೆ ಅದು ಲಿಖಿತದಲ್ಲಿ ಇರಬೇಕು, ಅವಧಿ ನಮೂದಿಸದಿದ್ದರೆ 5 ವರ್ಷ ಅಂತಲೇ ಲೆಕ್ಕ. ಫ್ರೀಲ್ಯಾನ್ಸ್ ಒಪ್ಪಂದಕ್ಕೆ ಸಹಿ ಮಾಡುವ ಮುಂಚೆ ಆ ಸಾಲನ್ನ ಹುಡುಕಿ ಓದಿ.

ಕೊನೆಗೆ ಒಂದು ಮಾತು. "ಬರೆಯುವ ಕೆಲಸ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ" ಅಂದವರಿಗೆ ಒಂದು ರೂಪಾಯಿನೂ ಕಳಿಸಬೇಡಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಈಗಾಗಲೇ ಕಳಿಸಿದ್ದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಶುರು ಮಾಡೋರಿಗೆ ನಾವು ಹೇಳೋದು ಇಷ್ಟೇ. ಬ್ಲಾಗರ್‌ನಲ್ಲಿ ಪುಕ್ಕಟೆ ಪುಟ ತೆರೆದು, ನಿಮ್ಮ ಊರಿನವರು ನಿಜವಾಗಿ ಕೇಳುವ ಹತ್ತು ಪ್ರಶ್ನೆ ಪಟ್ಟಿ ಮಾಡಿ, ವಾರಕ್ಕೊಂದರಂತೆ ಉತ್ತರ ಬರೆಯಿರಿ. ಇಂಗ್ಲಿಷ್ ಮೀಡಿಯಮ್‌ನವರು ಕಾಗುಣಿತಕ್ಕೆ ಹೆದರಬೇಡಿ, ಬಳಗದಲ್ಲಿ ಕೊಟ್ಟರೆ ಓದಿ ತಿದ್ದೋಣ. ಹತ್ತು ವಾರದಲ್ಲಿ ದುಡ್ಡು ಬರಲ್ಲ. ಆದರೆ ನಿಮಗೆ ಇದು ಮಾಡೋ ತಾಳ್ಮೆ ಇದೆಯೋ ಇಲ್ಲವೋ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತದೆ.