ಇಳಿವಯಸ್ಸಿನ ಸೂರು: ಬರೆದುಕೊಡುವ ಮುನ್ನ

ಉದರನಿಮಿತ್ತ ಊರು ಬಿಟ್ಟು ಮುಂಬಯಿಗೆ ಬಂದ ಅನೇಕ ಕನ್ನಡಿಗರ ಜೀವಮಾನದ ಗಳಿಕೆಯೆಂದರೆ ಉಪನಗರದಲ್ಲಿನ ಎರಡು ಕೋಣೆಗಳ ಒಂದು ಮನೆ. ಚಾಳಿನ ಖೋಲಿಯಲ್ಲಿ ವರ್ಷಗಟ್ಟಲೆ ಕಳೆದು, ಸಾಲದ ಕಂತು ತೀರಿಸಿ ಪಡೆದ ಆ ಮನೆಯೇ ಮುಪ್ಪಿನಲ್ಲಿ ಕಲಹಕ್ಕೆ ಮೂಲವಾಗುವುದುಂಟು. ‘ಹೇಗಿದ್ದರೂ ನಮ್ಮ ನಂತರ ಮಗನಿಗೇ ತಾನೇ’ ಎಂದು ತಂದೆ ದಾನಪತ್ರ ಬರೆದುಕೊಡುತ್ತಾನೆ. ಕೆಲವೇ ವರ್ಷಗಳಲ್ಲಿ ವೃದ್ಧ ದಂಪತಿಗಳ ಮಂಚ ಒಳಕೋಣೆಯಿಂದ ಪಡಸಾಲೆಗೆ, ಅಲ್ಲಿಂದ ಬಾಲ್ಕನಿಗೆ ಸರಿಯುತ್ತದೆ. ಮರಳಿ ಹೋಗೋಣವೆಂದರೆ ಊರಿನ ಪಾಲನ್ನು ತಮ್ಮಂದಿರಿಗೆ ಎಂದೋ ಬಿಟ್ಟುಕೊಟ್ಟಾಗಿದೆ.

ದಾನಪತ್ರ ನೋಂದಣಿಯಾಯಿತೆಂದರೆ ಒಡೆತನ ಆಗಲೇ ಕೈಬಿಟ್ಟಂತೆ. ಮನಸ್ಸು ಬದಲಾಯಿತೆಂದು ಅದನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಆದರೆ 2007ರ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮಪಾಲನೆ ಕಾಯಿದೆಯ 23ನೆಯ ಕಲಮು ಒಂದು ದಾರಿಯನ್ನು ತೆರೆದಿದೆ. ಅನ್ನ, ವಸತಿ, ಆರೈಕೆಗಳನ್ನು ಒದಗಿಸಬೇಕೆಂಬ ಷರತ್ತಿನ ಮೇಲೆ 60 ದಾಟಿದವರು ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ನ್ಯಾಯಮಂಡಲಿಯು ಅಸಿಂಧುವೆಂದು ಸಾರಬಹುದು.

ಷರತ್ತು ಎಂಬ ಮಾತೇ ಇಲ್ಲಿ ಮುಖ್ಯ. ಅದಿಲ್ಲದೆ ಈ ಕಲಮು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಮೊಕದ್ದಮೆಯಲ್ಲಿ, ಮಗ ಬೇರೆಯಾಗಿ ಬರೆದುಕೊಟ್ಟಿದ್ದ ವಚನಪತ್ರವನ್ನೂ ಗಣನೆಗೆ ತಂದು, ದಾನವನ್ನು ರದ್ದುಪಡಿಸಿ ಆಸ್ತಿಯನ್ನು ತಾಯಿಗೆ ಮರಳಿಸಿತು. ‘ಮಗನ ಮೇಲೆ ಷರತ್ತೇ?’ ಎಂಬ ಸಂಕೋಚ ಸಹಜವಾದುದೇ. ಆದರೂ ಬಾಯಿಮಾತಿಗೆ ಸಾಕ್ಷಿ ಒದಗಿಸುವುದು ಮುಪ್ಪಿನಲ್ಲಿ ಸುಲಭವಲ್ಲ.

ದಾನಕ್ಕಿಂತ ಉಯಿಲು ಮೇಲು. ಬರೆದವರ ಉಸಿರಿರುವವರೆಗೆ ಮನೆ ಅವರದೇ. ಎಷ್ಟು ಸಲವಾದರೂ ಬದಲಿಸಬಹುದು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಕನ್ನಡದಲ್ಲಿಯೇ ಬರೆಯಬಹುದು. ಬರೆದವರು ಸಹಿ ಮಾಡಿದುದನ್ನು ಕಂಡ ಇಬ್ಬರು ಸಾಕ್ಷಿಗಳು, ಅವರ ಸಮಕ್ಷಮದಲ್ಲಿ ತಮ್ಮ ಸಹಿ ಹಾಕಬೇಕು. ಪಾಲು ಪಡೆಯುವವರನ್ನು ಸಾಕ್ಷಿಗಳನ್ನಾಗಿ ಮಾಡದಿರುವುದು ಕ್ಷೇಮ.

ಸಹಕಾರಿ ಗೃಹ ಸಂಘದಲ್ಲಿ ನಾಮಿನಿಯ ಹೆಸರು ಬರೆಸಿದರೆ ಎಲ್ಲವೂ ಮುಗಿಯಿತೆಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಅದು ತಪ್ಪು. ಮಹಾರಾಷ್ಟ್ರದ ಈಗಿನ ಸಹಕಾರಿ ಕಾಯಿದೆಯಂತೆ ನಾಮಿನಿಯು ತಾತ್ಕಾಲಿಕ ಸದಸ್ಯ ಮಾತ್ರ. ಒಡೆತನವನ್ನು ನಿರ್ಣಯಿಸುವುದು ಉಯಿಲು ಅಥವಾ ವಾರಸಾ ಕಾನೂನು.

ಮಗ ಸೊಸೆಯರ ವಿಚ್ಛೇದನ ನಡೆದಿರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸೊಸೆಯನ್ನು ಹೊರಹಾಕಲೆಂದೇ ಅತ್ತೆಮಾವಂದಿರಿಂದ 2007ರ ಕಾಯಿದೆಯಡಿ ಅರ್ಜಿ ಹಾಕಿಸುವವರಿದ್ದಾರೆ. ಆ ಕಾಯಿದೆಯು ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಆಕೆಗಿರುವ ವಾಸದ ಹಕ್ಕನ್ನು ಅಳಿಸಿಹಾಕದೆಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಆಸ್ತಿಯನ್ನು ಕೊಡದಿದ್ದವರೂ ಜೀವನಾಂಶ ಕೇಳಬಹುದು. ಕಾಯಿದೆ ವಿಧಿಸಿದ ಮಿತಿ ತಿಂಗಳಿಗೆ 10,000 ರೂಪಾಯಿ. ಮುಂಬಯಿಯ ಔಷಧದ ಖರ್ಚಿಗೇ ಅದು ಸಾಲದು. ಮಕ್ಕಳಿಲ್ಲದವರು, ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಪೋಷಣೆ ಕೇಳಬಹುದು. ಅರ್ಜಿ ಸಲ್ಲಿಸಲು ಅಶಕ್ತರಾದವರು ಬೇರೊಬ್ಬರಿಗೆ, ಅಥವಾ ನೋಂದಾಯಿತ ಸ್ವಯಂಸೇವಾ ಸಂಸ್ಥೆಗೆ ಅಧಿಕಾರ ಕೊಡಬಹುದು. ಕನ್ನಡ ಸಂಘಗಳ ಪದಾಧಿಕಾರಿಗಳು ಈ ಕೊನೆಯ ಅಂಶವನ್ನು ಗಮನಿಸಬೇಕು.