ಪ್ರಾಣ ಮೊದಲೋ, ಮುಂಗಡ ಮೊದಲೋ?

ಅಪಘಾತಕ್ಕೀಡಾದವನನ್ನೋ, ಹಾವು ಕಚ್ಚಿದವಳನ್ನೋ, ಎದೆ ಹಿಡಿದುಕೊಂಡು ಕುಸಿದ ವೃದ್ಧನನ್ನೋ ಹೊತ್ತು ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಎದುರುಗೊಳ್ಳುವ ಮೊದಲ ಪ್ರಶ್ನೆ ಯಾವುದು? ‘ಏನಾಯಿತು?’ ಎಂಬುದೋ, ‘ಎಷ್ಟು ಕಟ್ಟುತ್ತೀರಿ?’ ಎಂಬುದೋ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆಸ್ಪತ್ರೆ ನಡೆಸುವವರಿಗೂ ಹಣ ಬೇಕು. ಔಷಧಿ, ಯಂತ್ರ, ದಾದಿಯರ ಸಂಬಳ ಯಾವುದೂ ಆಕಾಶದಿಂದ ಉದುರುವುದಿಲ್ಲ. ಆದರೆ ಈ ಎರಡರಲ್ಲಿ ಯಾವುದನ್ನು ಮೊದಲು ಕೇಳಲಾಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ನಮ್ಮ ಭಾಗದ ಜನರ ಸಂಕಟವೆಲ್ಲ ಈ ಕ್ರಮವ್ಯತ್ಯಾಸದಲ್ಲಿಯೇ ಅಡಗಿದೆ ಎಂದು ನನಗೆ ತೋರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಜನರ ಪಾಲಿಗೆ ದೊಡ್ಡಾಸ್ಪತ್ರೆ ಎಂದರೆ ಮೈಸೂರು. ಕೆ.ಆರ್. ನಗರದಿಂದ ಸುಮಾರು 40 ಕಿಲೋಮೀಟರು, ಹುಣಸೂರಿನಿಂದ 45, ಎಚ್.ಡಿ. ಕೋಟೆಯಿಂದ 50, ಪಿರಿಯಾಪಟ್ಟಣದಿಂದ 65ಕ್ಕೂ ಮಿಗಿಲು. ಇದು ಪಟ್ಟಣದಿಂದ ಪಟ್ಟಣಕ್ಕೆ ಇರುವ ದೂರ. ಊರಿನಿಂದ ಪಟ್ಟಣಕ್ಕೆ ಬರುವ ದಾರಿಯನ್ನು, ಕೋಟೆಯ ಕಾಡಂಚಿನ ಹಾಡಿಗಳಿಂದ ರಸ್ತೆಯವರೆಗಿನ ಕಾಲ್ನಡಿಗೆಯನ್ನು ಇದಕ್ಕೆ ಕೂಡಿಸಬೇಕು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯು ‘ಸುವರ್ಣ ಘಳಿಗೆ’ ಎಂಬ ಮಾತಿಗೆ ಕಾನೂನಿನ ಅರ್ಥವನ್ನೇ ಕೊಟ್ಟಿದೆ: ಗಾಯವಾದ ಮೇಲಿನ ಒಂದು ಗಂಟೆ, ಚಿಕಿತ್ಸೆ ದೊರೆತರೆ ಸಾವನ್ನು ತಪ್ಪಿಸುವ ಸಾಧ್ಯತೆ ಅತ್ಯಂತ ಹೆಚ್ಚಾಗಿರುವ ಒಂದು ಗಂಟೆ. ಪಿರಿಯಾಪಟ್ಟಣದವನ ಸುವರ್ಣ ಘಳಿಗೆ ಹೆದ್ದಾರಿಯಲ್ಲಿಯೇ, ಬಿಳಿಕೆರೆ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಹೀಗಿರುವಾಗ ಉಳಿದ ನಿಮಿಷಗಳನ್ನು ಹಣ ಕಟ್ಟುವ ಕಿಟಕಿಯ ಮುಂದೆ ಕಳೆಯಿರಿ ಎಂದು ಯಾರಿಗೆ ತಾನೆ ಹೇಳಬಹುದು?

ಧರ್ಮಕೇಂದ್ರದ ಗುರುವಿಗೆ ಅಪರಾತ್ರಿಯಲ್ಲಿ ಬರುವ ದೂರವಾಣಿ ಕರೆಗಳು ಎರಡು ಬಗೆಯವು. ಒಂದು, ರೋಗಿಗಳ ಅಭ್ಯಂಗ ಸಂಸ್ಕಾರಕ್ಕಾಗಿ. ಇನ್ನೊಂದು, ವಾಹನಕ್ಕಾಗಿ ಅಥವಾ ಹಣಕ್ಕಾಗಿ. ಇತ್ತೀಚಿನ ವರ್ಷಗಳಲ್ಲಿ ಎರಡನೆಯ ಬಗೆಯೇ ಹೆಚ್ಚು. ಅಂಥದೊಂದು ಕರೆಗೆ ಓಗೊಟ್ಟು ನಾನೂ ಹೋಗಿದ್ದೆ. ಆಗಸ್ಟ್ ತಿಂಗಳು, ಹೊಗೆಸೊಪ್ಪು ಹದಮಾಡುವ ಕಾಲ. ಬ್ಯಾರನ್ನಿನ ಮೇಲ್ತೊಲೆಗಳಿಗೆ ಸೊಪ್ಪಿನ ಕಡ್ಡಿ ಏರಿಸುತ್ತಿದ್ದ ಕೂಲಿಯಾಳೊಬ್ಬ ಕಾಲು ಜಾರಿ ಬಿದ್ದಿದ್ದ. ಕಿವಿಯಿಂದ ರಕ್ತ ಬರುತ್ತಿತ್ತು. ತಾಲ್ಲೂಕು ಕೇಂದ್ರದಲ್ಲಿ ಕಟ್ಟು ಹಾಕಿ ಮೈಸೂರಿಗೆ ಬರೆದುಕೊಟ್ಟರು. ಯಾರೋ ಹೇಳಿದರೆಂದು ಬಂಧುಗಳು ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಮುಂಗಡ ಕಟ್ಟದೆ ತಲೆಯ ಸ್ಕ್ಯಾನ್ ಆಗದು ಎಂದು ಉತ್ತರ ಬಂತು. ಹೆಂಡತಿ ಕಿವಿಯ ಓಲೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಆ ಹೊತ್ತಿನಲ್ಲಿ ಗಿರವಿ ಅಂಗಡಿ ತೆರೆದಿರುತ್ತದೆಯೇ? ಒಬ್ಬರ ಬಳಿ ಇಷ್ಟು, ಮತ್ತೊಬ್ಬರ ಬಳಿ ಅಷ್ಟು ಎಂದು ಹೊಂದಿಸಿ ಕಟ್ಟುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಆತ ಬದುಕಿದ್ದಾನೆ, ದೇವರ ದಯೆ. ಸಾಲವೂ ಬದುಕಿದೆ.

ಆಗಸ್ಟ್ ತಿಂಗಳೆಂದು ಸುಮ್ಮನೆ ಹೇಳಲಿಲ್ಲ. ಹೊಗೆಸೊಪ್ಪಿನ ನಾಡಿನಲ್ಲಿ ಹಣಕ್ಕೂ ಋತುಮಾನವಿದೆ. ಹರಾಜು ಕಟ್ಟೆ ತೆರೆಯುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರೈತನ ಹಣವೆಲ್ಲ ಹೊಲದಲ್ಲಿ, ಗೊಬ್ಬರದಲ್ಲಿ, ಸೌದೆಯಲ್ಲಿ ಹೂತಿರುತ್ತದೆ. ಕಾಯಿಲೆಯೇನೋ ಹರಾಜಿನ ದಿನಾಂಕ ನೋಡಿ ಬರುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 2017–18ರಲ್ಲಿ ಕಂಡುಕೊಂಡಂತೆ, ಹೆರಿಗೆಯನ್ನು ಬಿಟ್ಟರೆ, ಒಮ್ಮೆ ಆಸ್ಪತ್ರೆಗೆ ದಾಖಲಾಗಲು ಆಗುತ್ತಿದ್ದ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಅದು ಸರಾಸರಿ ಲೆಕ್ಕ, ಅದೂ ಅಂದಿನದು. ತಲೆಗೆ ಪೆಟ್ಟು ಬಿದ್ದವನ, ತೀವ್ರ ನಿಗಾ ಘಟಕದಲ್ಲಿ ಹತ್ತು ದಿನ ಮಲಗಿದವನ ಲೆಕ್ಕ ಬೇರೆಯೇ.

ಇಲ್ಲಿ ಸ್ವಲ್ಪ ತಾತ್ತ್ವಿಕವಾಗಿ ಯೋಚಿಸಬೇಕಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಕೊಡು–ಕೊಳ್ಳುವ ವ್ಯವಹಾರ ನ್ಯಾಯವೆನಿಸುವುದು ಇಬ್ಬರೂ ಸ್ವತಂತ್ರರಾಗಿದ್ದಾಗ. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಚೌಕಾಶಿ ಮಾಡುತ್ತಾನೆ, ಒಪ್ಪದಿದ್ದರೆ ಎದ್ದು ಹೋಗುತ್ತಾನೆ. ಪ್ರಜ್ಞೆ ತಪ್ಪಿದ ಗಂಡನನ್ನು ಮಡಿಲಲ್ಲಿಟ್ಟುಕೊಂಡವಳು ಎದ್ದು ಎಲ್ಲಿಗೆ ಹೋದಾಳು? ಅವಳಿಗೆ ದರ ತಿಳಿಯದು, ರೋಗ ತಿಳಿಯದು, ಬೇರೆ ಬಾಗಿಲಿಗೆ ಹೋಗಲು ಸಮಯವಿಲ್ಲ. ಅವಳು ಹಾಕುವ ರುಜು ಒಪ್ಪಿಗೆಯಲ್ಲ, ಶರಣಾಗತಿ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಷ್ಟು ಹಿಂದೆಯೇ, ವೈದ್ಯಕೀಯವು ಸಾಮಾನ್ಯ ಸರಕಿನಂತೆ ಮಾರುಕಟ್ಟೆಯ ನಿಯಮಕ್ಕೆ ಒಗ್ಗುವುದಿಲ್ಲವೆಂದೂ ಅಲ್ಲಿ ನಂಬಿಕೆಯೇ ಆಧಾರವೆಂದೂ ವಾದಿಸಿದ್ದರು. ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ತೀರ್ಪಿನಲ್ಲಿ ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದಿತು. ಅದರಿಂದ ರೋಗಿಗೆ ಉಪಕಾರವಾಗಿದೆ, ನಿಜ. ಆದರೆ ತುರ್ತು ಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನು ಗ್ರಾಹಕನಲ್ಲ. ಅವನು ಬರಿಯ ಮನುಷ್ಯ.

ಈ ಮಾತನ್ನು ಹೇಳಲು ಗುರುಗಳೇ ಬೇಕಾಗಿಲ್ಲ, ನ್ಯಾಯಾಲಯವೇ ಹೇಳಿದೆ. ದೆಹಲಿಯ ಒಂದು ಪತ್ರಿಕಾ ವರದಿಯಿಂದ ಮೊದಲಾದ ಪರಮಾನಂದ ಕಟಾರ ಪ್ರಕರಣ ಅನೇಕರಿಗೆ ನೆನಪಿರಬಹುದು. ಕಾರು ಬಡಿದು ಬಿದ್ದ ಸ್ಕೂಟರ್ ಸವಾರನನ್ನು, ಇದು ಪೊಲೀಸ್ ಕೇಸು, ಇಪ್ಪತ್ತು ಕಿಲೋಮೀಟರು ಆಚೆಯ ಆಸ್ಪತ್ರೆಗೆ ಒಯ್ಯಿರಿ ಎಂದು ಕಳುಹಿಸಲಾಗಿತ್ತು. ದಾರಿಯಲ್ಲಿ ಆತ ತೀರಿಕೊಂಡ. 1989ರಲ್ಲಿ ನ್ಯಾಯಾಲಯವು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಮೊದಲು ಪ್ರಾಣ ಉಳಿಸಬೇಕು, ಪೊಲೀಸ್ ವಿಧಿವಿಧಾನಗಳು ಆಮೇಲೆ ಎಂದು ತೀರ್ಪಿತ್ತಿತು. 1992ರಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಾಗ, ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಿಂದಿರುಗಿಸಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದ. 1996ರ ತೀರ್ಪು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿದ್ದಲ್ಲದೆ, ಹಣವಿಲ್ಲವೆಂಬ ನೆಪದಲ್ಲಿ ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಎದ್ದ ಗದ್ದಲ, ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ನಡೆಸಿದ ಮುಷ್ಕರ, ರೋಗಿಗಳ ಪರದಾಟ ಎಲ್ಲರೂ ಬಲ್ಲರು. ಆ ಗದ್ದಲದಲ್ಲಿ ಕಾಯಿದೆ ಏನು ಹೇಳುತ್ತದೆ ಎಂಬುದು ಮಾತ್ರ ಜನರ ಕಿವಿಗೆ ಬೀಳಲಿಲ್ಲ. ತುರ್ತು ಸಂದರ್ಭದಲ್ಲಿ ಮುಂಗಡಕ್ಕಾಗಿ ಕಾಯಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಹಣಕ್ಕಾಗಿ ಪಾರ್ಥಿವ ಶರೀರವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ತಪ್ಪಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರಿಯದ ದಯಾವಂತನ ಸಾಮತಿಯನ್ನು ಕೇಳದವರಿಲ್ಲ. ದಾರಿಯಲ್ಲಿ ಬಿದ್ದವರಿಗೆ ನೆರವಾಗುವವರನ್ನು ರಕ್ಷಿಸುವ ಕರ್ನಾಟಕದ 2016ರ ಕಾಯಿದೆ ಅವನ ಹೆಸರನ್ನೇ ಹೊತ್ತಿದೆ. ಆದರೆ ನಾವು ಎಲ್ಲರೂ ಮರೆಯುವ ಒಬ್ಬ ವ್ಯಕ್ತಿ ಆ ಕಥೆಯಲ್ಲಿದ್ದಾನೆ: ಛತ್ರದವನು. ಗಾಯಾಳುವನ್ನು ಛತ್ರಕ್ಕೆ ತಂದು ಆರೈಕೆ ಮಾಡಿದ್ದು ಮೊದಲ ದಿನ. ಎರಡು ಬೆಳ್ಳಿ ನಾಣ್ಯ, ಅಂದರೆ ಕೂಲಿಯಾಳಿನ ಎರಡು ದಿನದ ಸಂಬಳ, ಕೈಗೆ ಬಂದದ್ದು ಮರುದಿನ. ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂಬ ಬಾಯಿಮಾತನ್ನು ಆ ಛತ್ರದವನು ನಂಬಿದ. ಅವನೇನೂ ಧರ್ಮಾರ್ಥ ನಡೆಸುತ್ತಿರಲಿಲ್ಲ, ಅವನದೂ ಉದ್ಯೋಗವೇ. ಬಾಗಿಲನ್ನು ಮಾತ್ರ ಮೊದಲು ತೆರೆದ.

ಇದು ಪುರಾತನ ಕಥೆ, ಇಂದಿನ ಲೆಕ್ಕಾಚಾರಕ್ಕೆ ಹೊಂದದು ಎನ್ನುವವರು ಮೈಸೂರಿನಲ್ಲೇ ಒಮ್ಮೆ ಜಯದೇವ ಹೃದ್ರೋಗ ಸಂಸ್ಥೆಯ ಆವರಣವನ್ನು ನೋಡಿಬರಲಿ. ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬುದನ್ನು ಡಾ. ಸಿ.ಎನ್. ಮಂಜುನಾಥ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಆ ಸಂಸ್ಥೆಯ ನೀತಿಯನ್ನಾಗಿಯೇ ಮಾಡಿದರು. ಸಂಸ್ಥೆ ಮುಳುಗಲಿಲ್ಲ, ಬೆಳೆಯಿತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಹೆದರಿದ ಜನ ಬೆಳಗಿನ ಜಾವದಿಂದಲೇ ಸಾಲುಗಟ್ಟಿದ್ದೂ ಇದೇ ಬಾಗಿಲಲ್ಲಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯೂ ಈ ಸಂಸ್ಥೆಯ ನೆರವಿನಿಂದಲೇ ನಡೆಯುತ್ತಿದೆ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಎದೆನೋವೆಂದರೆ ಮೈಸೂರಿಗೇ ಓಡಬೇಕೆಂಬ ನಮ್ಮ ಜನರ ಅಭ್ಯಾಸ ಬದಲಾಗಬೇಕಾದದ್ದು ಇಲ್ಲಿ.

ಹಾವಿನ ವಿಷಯದಲ್ಲಿಯೂ ಅಷ್ಟೆ. ಸರ್ಕಾರ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಯೆಂದು ಘೋಷಿಸಿತು. ಹೊಲದಲ್ಲಿ ಕೊಳಕುಮಂಡಲ, ಗುಡಿಸಲಿನ ನೆಲದಲ್ಲಿ ಮಲಗಿದವರಿಗೆ ಕಟ್ಟುಹಾವು. ಕೋಟೆ ಸೀಮೆಯವರಿಗೆ ವಿವರಿಸಬೇಕಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ. ಆದರೂ ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ಸ್ತಬ್ಧಗೊಳಿಸಿದಾಗ ಕೃತಕ ಉಸಿರಾಟದ ಯಂತ್ರ ಬೇಕು, ಕೊಳಕುಮಂಡಲ ಮೂತ್ರಪಿಂಡವನ್ನು ಕೆಡಿಸಿದಾಗ ಡಯಾಲಿಸಿಸ್ ಬೇಕು. ಯಂತ್ರವಿದ್ದರೂ ಅದನ್ನು ನಡೆಸುವ ತಜ್ಞ ರಾತ್ರಿ ಇರಬೇಕು. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆ ಇಲ್ಲದಿದ್ದರೆ ಜೇನುಕುರುಬರ, ಕಾಡುಕುರುಬರ ಎಷ್ಟು ಹಾಡಿಗಳು ದಿಕ್ಕುಗಾಣದೆ ಹೋಗುತ್ತಿದ್ದವೋ! ಕಪಿಲೆಯ ದಡದ ಡಿ.ಬಿ. ಕುಪ್ಪೆಯವರಿಗಂತೂ ಮೈಸೂರಿಗಿಂತ ಕೇರಳದ ಮಾನಂದವಾಡಿಯೇ ಹತ್ತಿರ. ನಮ್ಮ ರಾಜ್ಯದ ಪ್ರಜೆ ತುರ್ತಿನಲ್ಲಿ ನೆರೆರಾಜ್ಯದ ಕಡೆ ಮುಖ ಮಾಡಬೇಕಾದ ಸ್ಥಿತಿ ಯಾರಿಗೂ ಮುಜುಗರ ತಂದಂತೆ ಕಾಣುವುದಿಲ್ಲ.

ತಾಲ್ಲೂಕು ವೈದ್ಯರನ್ನು ದೂಷಿಸುವುದು ಸುಲಭ. ಇರುಳಿಡೀ ಒಬ್ಬನೇ ವೈದ್ಯ, ಒಂದು ಕಡೆ ಹೆರಿಗೆ, ಇನ್ನೊಂದು ಕಡೆ ವಿಷ ಕುಡಿದವನು, ಹೊರಗೆ ಸಿಟ್ಟಿಗೆದ್ದ ಜನ. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು 2009ರಲ್ಲಿ ಕಾಯಿದೆ ಮಾಡಬೇಕಾಯಿತು ಎಂಬುದೇ ನಮಗೆ ಗೌರವ ತರುವ ಮಾತಲ್ಲ. ಮೈಸೂರಿಗೆ ಬರೆದುಕೊಡುವುದು ಹಲವು ವೇಳೆ ಸರಿಯಾದ ತೀರ್ಮಾನವೇ. ಬರೆದುಕೊಡುವ ಮುನ್ನ ರಕ್ತಸ್ರಾವ ನಿಲ್ಲಿಸಿದ್ದಾರೆಯೇ, ಉಸಿರಾಟಕ್ಕೆ ದಾರಿ ಮಾಡಿದ್ದಾರೆಯೇ, ಅಲ್ಲಿಗೆ ದೂರವಾಣಿ ಮಾಡಿ ಹಾಸಿಗೆ ವಿಚಾರಿಸಿದ್ದಾರೆಯೇ ಎಂಬುದನ್ನು ಮಾತ್ರ ಕೇಳಬೇಕು. ಬರಿಯ ಚೀಟಿ ಚಿಕಿತ್ಸೆಯಲ್ಲ.

ಯೋಜನೆಗಳಿಗೇನೂ ಬರವಿಲ್ಲ. 2008ರ ನವೆಂಬರ್ 1ರಂದು ಮೊದಲಾದ 108ರ ಆರೋಗ್ಯ ಕವಚ ಎಷ್ಟೋ ಜೀವ ಉಳಿಸಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಯಡಿ ದೇಹ ತುಂಡಾದರೂ ಕಣ್ಣು ದಾನ ಮಾಡಿ ಎಂದ ಯುವಕ ಹರೀಶನ ಹೆಸರಿನಲ್ಲಿ, ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ನೆರವು ಅದೇ ವರ್ಷ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ. ರಸ್ತೆ ಅಪಘಾತದವರಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆದರೆ ಬ್ಯಾರನ್ನಿನಿಂದ ಬಿದ್ದವನು ರಸ್ತೆಯಲ್ಲಿ ಬಿದ್ದವನಲ್ಲ. ಕಾರ್ಡು ಮನೆಯ ಪೆಟ್ಟಿಗೆಯಲ್ಲಿದೆ. ಒಯ್ದ ಆಸ್ಪತ್ರೆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದರೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೆಲ್ಲಿ ಎಂದು ಕೇಳುತ್ತಾರೆ. ನಿಗದಿತ ತುರ್ತು ಚಿಕಿತ್ಸೆಗಳಿಗೆ ಆ ಪತ್ರ ಬೇಡವೆಂಬುದು ಕೇಳುವವರಿಗೂ ಗೊತ್ತಿಲ್ಲ, ಹೇಳುವವರಿಗೂ ಗೊತ್ತಿಲ್ಲ.

ನಮ್ಮವರೇ ನಡೆಸುವ, ಗೋಡೆಯ ಮೇಲೆ ಶಿಲುಬೆಯಿರುವ ಆಸ್ಪತ್ರೆಗಳೂ ಈ ಪ್ರಶ್ನೆಯಿಂದ ಹೊರತಲ್ಲ. ಕನ್ಯಾಸ್ತ್ರೀಯರ ಸೇವೆಯನ್ನು ಕೊಂಡಾಡುತ್ತೇವೆ, ಕೊಂಡಾಡಬೇಕು. ಹಣ ಕಟ್ಟುವ ಕಿಟಕಿ ತುರ್ತು ಚಿಕಿತ್ಸಾ ಕೊಠಡಿಗಿಂತ ಮುಂದಿದೆಯೋ ಹಿಂದಿದೆಯೋ ಎಂದೂ ಕೇಳಬೇಕು.

ನಮ್ಮ ಧರ್ಮಕೇಂದ್ರದಲ್ಲಿ ಈಗ ಮಾಡುತ್ತಿರುವುದು ಬಹಳ ಸಣ್ಣ ಕೆಲಸ. ಪಡಿತರ ಚೀಟಿ, ಆಧಾರ್, ಆರೋಗ್ಯ ಕಾರ್ಡುಗಳ ನಕಲನ್ನು ಪ್ರತಿ ಮನೆಯವರೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಬೇಕೆಂದು ಭಾನುವಾರದ ಬಲಿಪೂಜೆಯ ಬಳಿಕ ತಿಳಿಸಿದ್ದೇವೆ. ರಾತ್ರಿ ವಾಹನ ತೆಗೆಯಲು ಒಪ್ಪಿದ ಐವರ ಹೆಸರು ಸೂಚನಾ ಫಲಕದಲ್ಲಿದೆ. ಅವರಲ್ಲಿ ಮೂವರು ನಮ್ಮ ಸಭೆಯವರಲ್ಲ, ಊರಿನವರು. ಅದರ ಕೆಳಗೆ ಮುಂಗಡದ ಬಗ್ಗೆ ಕಾಯಿದೆ ಏನನ್ನುತ್ತದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದೇವೆ. ಮೊನ್ನೆ ಒಬ್ಬ ಯುವಕ ಅದನ್ನು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದ. ಯಾತಕ್ಕೆಂದು ಕೇಳಿದಾಗ, ಮುಂದಿನ ಸಲ ಆಸ್ಪತ್ರೆಯ ಕಿಟಕಿಯಲ್ಲಿ ತೋರಿಸುವುದಕ್ಕೆ ಎಂದ.