ಮುಪ್ಪಾಗದ ಹುಳಿ

ಮೂರು ಜಾಡಿ. ಮೂರಕ್ಕೂ ಬಾಯಿಗೆ ಬಟ್ಟೆ ಕಟ್ಟಿದೆ. ಒಂದಕ್ಕೆ ಬಿಳಿ, ಒಂದಕ್ಕೆ ಹಸಿರು, ಅಟ್ಟದ ಮೂಲೆ ಹಿಡಿದು ಕೂತಿದ್ದ ಮೂರನೆಯದಕ್ಕೆ ಮಾಸಿದ ಕೆಂಪು. ಹಲಗೂರಿನ ಮನೆಯಲ್ಲಿ ನಮ್ಮ ದೊಡ್ಡಮ್ಮ ಅವನ್ನು ಒಂದೊಂದಾಗಿ ಇಳಿಸಿಕೊಂಡು, ಮೂರರಿಂದಲೂ ಗೋಲಿ ಗಾತ್ರದ ಹುಣಸೆಹಣ್ಣು ಚಿವುಟಿ ತಟ್ಟೆಗಿಟ್ಟು, "ನೆಕ್ಕ್ ನೋಡ್ಲಾ ಮಗ" ಅಂದಾಗ ನನ್ನ ಮೈ ಜುಂ ಅಂದಿತು. ಇದೇ ಆಟವನ್ನು ಹದಿನೈದು ದಿನದ ಹಿಂದಷ್ಟೇ ಬೆಂಗಳೂರಿನಲ್ಲಿ ಆಡಿ ಬಂದಿದ್ದೆ. ಅಲ್ಲಿ ತಟ್ಟೆಯ ಬದಲು ಉದ್ದ ಕಾಲಿನ ಗಾಜಿನ ಲೋಟ. ಹುಣಸೆಯ ಬದಲು ವೈನ್!

ನನ್ನ ಗೆಳೆಯನಿಗೆ ವೈನ್ ಹುಚ್ಚು. ಅವನೂ ಅವನಂಥ ನಾಲ್ಕು ಜನವೂ ಸೇರಿ ನಂದಿಬೆಟ್ಟದ ತಪ್ಪಲಿನ ಒಂದೇ ತೋಟದ, ಒಂದೇ ಹೆಸರಿನ ಕೆಂಪು ವೈನನ್ನು ಮೂರು ಬೇರೆ ಬೇರೆ ಇಸವಿಯ ಬಾಟಲಿಗಳಲ್ಲಿ ಸಾಲಾಗಿ ಇಟ್ಟಿದ್ದರು. ವರ್ಟಿಕಲ್ ಟೇಸ್ಟಿಂಗ್ ಅಂತೆ. ಬಾಟಲಿಯ ಮೇಲಿರುವ ಇಸವಿ ದ್ರಾಕ್ಷಿ ಕೊಯ್ದ ವರ್ಷದ್ದು, ತುಂಬಿಸಿದ್ದೂ ಮಾರಿದ್ದೂ ಅಲ್ಲ, ಅನ್ನುವುದೇ ನನಗೆ ಅಲ್ಲಿ ತಿಳಿದದ್ದು. ಹೊಸ ಬಾಟಲಿಯದು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಕುಡಿದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಗರು. ಹಳೆಯದೋ, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಗರು ಕರಗಿ, ಒಣದ್ರಾಕ್ಷಿಯ, ಹೊಗೆಸೊಪ್ಪಿನ, ಮಳೆ ಬಿದ್ದ ಮಣ್ಣಿನ ವಾಸನೆ ಬಂದು ಕೂತಿತ್ತು. ಅದೇ ತೋಟ, ಅದೇ ಬಳ್ಳಿ! ಬಾಟಲಿಯೊಳಗೆ ಕತ್ತಲಲ್ಲಿ ಸುಮ್ಮನೆ ಮಲಗಿದ್ದು ಬಿಟ್ಟರೆ ಅದು ಬೇರೇನೂ ಮಾಡಿರಲಿಲ್ಲ.

ಸುಮ್ಮನೆ ಅಂದೆನಲ್ಲ, ತಪ್ಪು. ಒಗರಿಗೆ ಕಾರಣವಾದ ಟ್ಯಾನಿನ್ನು ಸಿಪ್ಪೆಯ ಬಣ್ಣದ ಜತೆ ಕೈ ಕೈ ಹಿಡಿದು ಉದ್ದುದ್ದ ಸರಪಣಿಯಾಗುತ್ತದೆ. ಕೆಲವು ಸರಪಣಿ ತೂಕ ತಾಳಲಾರದೆ ತಳಕ್ಕೆ ಕೂತು ಗಸಿಯಾಗುತ್ತವೆ. ಬಿರಡೆಯ ಸಂದಿನಲ್ಲಿ ಒಳಗೆ ಹೋಗುವ ಗಾಳಿ ಅಷ್ಟಿಷ್ಟೇ; ಅದು ಹೆಚ್ಚಾದರೆ ವೈನ್ ಕೆಟ್ಟೇ ಹೋಗುತ್ತದೆ. ಬಾಟಲಿ ಮಲಗಿಸಿಡುವುದು ಬಿರಡೆ ಒಣಗಿ ಕುಗ್ಗದಿರಲಿ ಅಂತ.

ನಾನು ಬೆಚ್ಚಿದ್ದು ಅದಕ್ಕೂ ಅಲ್ಲ. ಹಳೇ ಬಾಟಲಿಯ ಬಿರಡೆ ತೆಗೆದಾಗ ಅದರ ಬುಡಕ್ಕೆ ಕಲ್ಲುಸಕ್ಕರೆ ಪುಡಿಯಂಥದ್ದು ಮೆತ್ತಿಕೊಂಡು ಮಿನುಗುತ್ತಿತ್ತು. ಗಾಜಿನ ಚೂರೇ? "ನೆಕ್ಕಿ ನೋಡೋ" ಅಂದ ಗೆಳೆಯ. ನೆಕ್ಕಿದೆ. ಹುಳಿ! ಟಾರ್ಟಾರಿಕ್ ಆಮ್ಲದ ಉಪ್ಪು ಅದು, ದ್ರಾಕ್ಷಿಯ ಹುಳಿಯೇ ಹರಳುಗಟ್ಟಿದ್ದು. 1769ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ ಈ ಆಮ್ಲವನ್ನು ಬೇರ್ಪಡಿಸಿದ್ದು ವೈನಿನ ಪೀಪಾಯಿಗಳಲ್ಲಿ ಕಟ್ಟುವ ಇಂಥದ್ದೇ ಹರಳಿನಿಂದ. 1848ರಲ್ಲಿ ಇಪ್ಪತ್ತೈದರ ಹುಡುಗ ಲೂಯಿ ಪಾಸ್ಚರ್ ಇದೇ ಆಮ್ಲದ ಇನ್ನೊಂದು ಉಪ್ಪಿನ ಹರಳುಗಳನ್ನು ಚಿಮಟದಲ್ಲಿ ಒಂದೊಂದಾಗಿ ಆರಿಸಿ, ಎಡಗೈ ಬಲಗೈ ಇರುವ ಹಾಗೆ ಅವೂ ಒಂದಕ್ಕೊಂದು ಕನ್ನಡಿಯ ಬಿಂಬ ಅಂತ ತೋರಿಸಿದ. ಅಣುಗಳಿಗೂ ಎಡ ಬಲ ಇದೆ ಅಂತ ಜಗತ್ತಿಗೆ ಗೊತ್ತಾದದ್ದು ದ್ರಾಕ್ಷಿಯ ಹುಳಿಯಿಂದ!

ಈಗ ಹೇಳಿ. ನಿಂಬೆಯ ಹುಳಿ ಸಿಟ್ರಿಕ್, ಸೇಬಿನದು ಮ್ಯಾಲಿಕ್. ಟಾರ್ಟಾರಿಕ್ ಅನ್ನು ಹೀಗೆ ದಂಡಿಯಾಗಿ ತುಂಬಿಕೊಳ್ಳುವ ಹಣ್ಣು ತೀರಾ ಅಪರೂಪ. ದ್ರಾಕ್ಷಿ ಒಂದು. ಇನ್ನೊಂದು ಯಾವುದು ಅಂತ ಊರಿಗೆ ಬರುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಓದಿ, ಕೂತಲ್ಲೇ ಎದ್ದು ನಿಂತುಬಿಟ್ಟೆ. ಹುಣಸೆ! ತಿರುಳಿನ ತೂಕದಲ್ಲಿ ನೂರಕ್ಕೆ 8ರಿಂದ 18 ಪಾಲು ಅದೇ ಆಮ್ಲ. ವೈನಿನಲ್ಲಿ ಅದು ಲೀಟರಿಗೆ ಕೆಲವೇ ಗ್ರಾಂ. ಕಿಟಕಿಯಾಚೆ ರಸ್ತೆ ಬದಿಯ ಹುಣಸೆಮರಗಳು ಒಂದರ ಹಿಂದೊಂದು ಓಡುತ್ತಿದ್ದವು. ಎಲ್ಲಿಯ ವೈನಿನೂರು ಬೋರ್ಡೊ, ಎಲ್ಲಿಯ ಹಲಗೂರು!

ಸುಗ್ಗಿಯೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ನಮ್ಮ ಕಡೆ ಚಳಿಗಾಲದಲ್ಲಿ ದ್ರಾಕ್ಷಿಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರಿ, ವೈನಿಗೆ ಒಂದೇ ಫಸಲು ತೆಗೆಯುತ್ತಾರೆ; ಮಳೆ ನಿಂತ ಮೇಲೆ ಸವರಿದ್ದು ಬೇಸಿಗೆ ಮೊದಲಿಗೆ ಕೊಯ್ಲಿಗೆ ಬರುತ್ತದೆ. ಹುಣಸೆ ಬಡಿಯುವುದೂ ಆಗಲೇ.

ಇಷ್ಟು ತಲೆಯಲ್ಲಿ ತುಂಬಿಕೊಂಡು ದೊಡ್ಡಮ್ಮನ ತಟ್ಟೆಯ ಮುಂದೆ ಕೂತೆ.

ಬಿಳಿ ಬಟ್ಟೆಯದು ಈ ವರ್ಷದ್ದು. ಬೆಲ್ಲದ ಬಣ್ಣ, ನಾರು ಇನ್ನೂ ಹಸಿ ಹಸಿ. ನಾಲಿಗೆಗೆ ತಾಗಿದ್ದೇ ಕಣ್ಣು ಮುಚ್ಚಿಹೋಯಿತು, ಕಿವಿಯವರೆಗೂ ಹುಳಿ. ಹಸಿರಿನದು ಹೋದ ವರ್ಷದ್ದು, ಕಾಫಿಪುಡಿಯ ಬಣ್ಣ. ಕೆಂಪಿನದು ಮೂರು ವರ್ಷದ್ದು: ಕಪ್ಪು, ಬೆರಳಿಗೆ ಅಂಟುವ ಹಾಗೆ ಮೆತ್ತಗೆ, ಖರ್ಜೂರದ ವಾಸನೆ. ಬಾಯಿಗಿಟ್ಟರೆ ಮೊದಲು ಸಿಹಿ ಬಂದು, ಹಿಂದೆಯೇ ದುಂಡಗಿನ ಹುಳಿ ಬಂತು. ಬಾಟಲಿಯಲ್ಲಿ ಆದದ್ದೇ ಜಾಡಿಯಲ್ಲೂ ಆಗಿತ್ತೆ? ಪೂರ್ತಿ ಹಾಗೇನಲ್ಲ. ಹುಣಸೆಯಲ್ಲಿ ಸಕ್ಕರೆಯೂ ಬೇಕಾದಷ್ಟಿದೆ; ರೊಟ್ಟಿ ಹಂಚಿನ ಮೇಲೆ ಕೆಂಪಗಾಗುವಾಗ ನಡೆಯುವ ಕೆಲಸವೇ ಇಲ್ಲಿ ಬೆಂಕಿಯಿಲ್ಲದೆ, ವರ್ಷಗಟ್ಟಲೆ, ಮೆಲ್ಲಗೆ ನಡೆದಿರುತ್ತದೆ.

"ವೊಸಾದು ಗಂಟ್ಲು ಕೆರಿತದೆ, ಬಾಣ್ತೀರ್ಗೆ ಆಗಾಕಿಲ್ಲ" ಅಂದರು ದೊಡ್ಡಮ್ಮ. "ಮೂರೊರ್ಸ ಆದ್ರೆ ಅದ್ಕೂ ಬುದ್ಧಿ ಬತ್ತದೆ ಕಣ್ಲಾ." ದಿನದ ಸಾರಿಗೆ ಹಸಿರು ಜಾಡಿ, ಪುಳಿಯೋಗರೆ ಗೊಜ್ಜಿಗೆ ಕೆಂಪು ಜಾಡಿ. ಬಿಳಿಯದನ್ನು ಕೇಳಿದರೆ, "ದೀಪದ್ ಕಂಬ ಉಜ್ಜಕ್ಕೆ" ಅಂತ ನಕ್ಕರು. ಲೇಬಲ್ಲಿಲ್ಲ, ಲೋಟವಿಲ್ಲ, ನಂಬರು ಕೊಡುವ ಪಂಡಿತರಿಲ್ಲ. ಬೆಂಗಳೂರಿನ ಆ ಐದು ಜನರಿಗಿಂತ ಖಚಿತವಾದ ನಾಲಿಗೆ ಇದು ಅಂತ ನಾನು ಬರೆದುಕೊಡಬಲ್ಲೆ.

ನಾನು ಆ ಆಮ್ಲದ ಕತೆ ಶುರುಮಾಡಿದೆ. ದ್ರಾಕ್ಷಿ ಹಣ್ಣಾಗುತ್ತ ಮ್ಯಾಲಿಕ್ ಆಮ್ಲವನ್ನು ಉರಿಸಿಕೊಂಡುಬಿಡುತ್ತದೆ, ಟಾರ್ಟಾರಿಕ್ ಮಾತ್ರ ಜಗ್ಗುವುದಿಲ್ಲ, ವೈನು ವರ್ಷಗಟ್ಟಲೆ ನಿಲ್ಲುವುದಕ್ಕೆ ಅದರ ಆಸರೆಯೂ ಇದೆ ಅಂದೆ. ದೊಡ್ಡಮ್ಮ ಜಾಡಿಗೆ ಬಟ್ಟೆ ಬಿಗಿಯುತ್ತಲೇ, "ಅದೇನ್ ವೊಸ ಇಚಾರ್ವಾ? ಮರ ಮುಪ್ಪಾದ್ರೆ ಹುಳಿ ಮುಪ್ಪಾ?" ಅಂದರು. ಗಾದೆ ಹುಟ್ಟಿದ್ದು ಶೀಲೆಗಿಂತ ಮೊದಲೋ ಆಮೇಲೋ, ನನಗೆ ಮಾತ್ರ ಮಾತೇ ಹೊರಡಲಿಲ್ಲ.

ಒಂದು ಎಚ್ಚರಿಕೆ. ಎಲ್ಲ ವೈನೂ ಇಟ್ಟಷ್ಟೂ ರುಚಿಯಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲೆಂದೇ ಮಾಡಿದವು. ಬಾಟಲಿಗೆ 12–13 ಡಿಗ್ರಿಯ ತಂಪು ಬೇಕು, ನಮ್ಮ ಬೇಸಿಗೆಯಲ್ಲಿ ಬೀರುವಿನೊಳಗಿಟ್ಟರೆ ಬೆಂದು ಹೋಗುತ್ತದೆ. ಹುಣಸೆಗೆ ಆ ನಾಜೂಕಿಲ್ಲ. ಬೀಜ ನಾರು ತೆಗೆದು, ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಿ ತುಂಬಿ, ಒದ್ದೆ ಕೈ ಹಾಕದಿದ್ದರೆ ಸಾಕು. ಈ ಸಲ ಹಣ್ಣು ಬಡಿಸಿದಾಗ ಒಂದು ಜಾಡಿ ಪಕ್ಕಕ್ಕಿಡಿ. ಮೇಲೊಂದು ಚೀಟಿ ಅಂಟಿಸಿ ಇಸವಿ ಬರೆಯಿರಿ. ಮೂರು ವರ್ಷ ಮುಟ್ಟಬೇಡಿ.